ಅಕ್ಷತೆ ಗಾಳಿಯಲ್ಲಿರುವಾಗ

ಕ್ಯಾಮೆರಾ ಕೊಳ್ಳಲು ಬಂದವರ ಮುಖವನ್ನು ನಾನು ಮೊದಲು ನೋಡುತ್ತಿರಲಿಲ್ಲ, ಕೈ ನೋಡುತ್ತಿದ್ದೆ. ಮುಖದಲ್ಲಿ ಆಸೆ ಇರುತ್ತದೆ, ಅದು ಎಲ್ಲರಿಗೂ ಒಂದೇ ಥರ. ಕೈಯಲ್ಲಾದರೆ ಆ ಮನುಷ್ಯನ ಕೆಲಸ, ವಯಸ್ಸು, ಆತುರ ಎಲ್ಲ ಕಾಣುತ್ತದೆ. ಲಷ್ಕರ್ ಮೊಹಲ್ಲಾದ ಒಂದು ಕ್ಯಾಮೆರಾ ಅಂಗಡಿಯ ಕೌಂಟರಿನ ಹಿಂದೆ ನಿಂತು ಸಂಸಾರ ಸಾಕಿದವಳು ನಾನು. ತೊಂಬತ್ತರ ದಶಕ ಶುರುವಾದಾಗ ಸೇರಿದೆ, ಅದರ ಮುಂದಿನ ದಶಕ ಮುಗಿಯುವ ಹೊತ್ತಿಗೆ ನಿವೃತ್ತಳಾದೆ. ರೀಲು ಹೋಗಿ ಡಿಜಿಟಲ್ ಬಂದದ್ದು ನನ್ನ ಕಣ್ಣೆದುರಿಗೇ. ಈಗ ಮೊಬೈಲ್ ಅಂಗಡಿಗಳಲ್ಲಿ ಕೌಂಟರಿಗೆ ನಿಲ್ಲುವ ಹುಡುಗ ಹುಡುಗಿಯರು ನನ್ನನ್ನು ಕಂಡರೆ, "ನಿಮ್ಮ ಕಾಲದಲ್ಲಿ ಮಾರೋದು ಸುಲಭ ಇತ್ತು ಬುಡಿ ಆಂಟಿ" ಅನ್ನುತ್ತಾರೆ. ಸುಲಭವಂತೆ! ಅವರಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ. ಜಂಬ ಕೊಚ್ಚಿಕೊಳ್ಳುತ್ತಿದ್ದಾಳೆ ಅಂದರೆ ಅನ್ನಲಿ, ಕೊಚ್ಚಿಕೊಳ್ಳುವಂಥದ್ದು ಸ್ವಲ್ಪ ಇದೆ.

ನಮ್ಮ ಸಾಹುಕಾರರ ಹೆಸರು ನಂಜಪ್ಪ. ಅವರ ತಂದೆ ಅದೇ ಜಾಗದಲ್ಲಿ ಬೆಲ್ಲದ ಮಂಡಿ ಇಟ್ಟಿದ್ದರು. ಮಗ ಫೋಟೋ ಹುಚ್ಚಿಗೆ ಬಿದ್ದು ಮಂಡಿಯನ್ನು ಕ್ಯಾಮೆರಾ ಅಂಗಡಿ ಮಾಡಿದರು. ಮಳೆಗಾಲದಲ್ಲಿ ಗೋಡೆಯಿಂದ ಬೆಲ್ಲದ ವಾಸನೆ ಬರುತ್ತಿತ್ತು, ಇರುವೆ ಸಾಲುಗಟ್ಟಿ ಹೊರಡುತ್ತಿದ್ದವು, ನಾನು ಲೆನ್ಸ್ ಡಬ್ಬಿಗಳ ಸುತ್ತ ಅರಿಸಿನದ ಪುಡಿ ಉದುರಿಸುತ್ತಿದ್ದೆ. ಅವರ ವ್ಯಾಪಾರದ ಬುದ್ಧಿಯಲ್ಲೂ ಬೆಲ್ಲದ ವಾಸನೆ ಹೋಗಿರಲಿಲ್ಲ.

"ಸರೋಜಮ್ಮ, ಗಿರಾಕಿ ಕೇಳಿದ್ದು ಕೊಟ್ಟು ಕಳಿಸಿ. ಅಚ್ಚು ಬೆಲ್ಲ ಕೇಳಿದವನಿಗೆ ಉಂಡೆ ಬೆಲ್ಲ ಯಾಕೆ ಬೇಡ ಅಂತ ನಮ್ಮಪ್ಪ ಯಾವತ್ತೂ ಕೇಳ್ಲಿಲ್ಲ" ಅನ್ನುತ್ತಿದ್ದರು.

"ಬೆಲ್ಲ ಯಾವುದಾದ್ರೂ ಬಾಯಿಗೆ ಸಿಹಿನೇ ಸಾರ್. ಕ್ಯಾಮೆರಾ ಹಂಗಲ್ಲ" ಅನ್ನುತ್ತಿದ್ದೆ ನಾನು.

ನಾನು ಗಿರಾಕಿಗೆ ಎರಡು ಮಾತು ಕೇಳುತ್ತಿದ್ದೆ. ಏನನ್ನು ತೆಗೀತೀರಿ? ಯಾರು ಹಿಡೀತಾರೆ? ಇವೆರಡಕ್ಕೆ ಉತ್ತರ ಬಾರದೆ ಡಬ್ಬಿ ಮುಟ್ಟುತ್ತಿರಲಿಲ್ಲ. ಕೆಲವರು ರೇಗುತ್ತಿದ್ದರು. "ದುಡ್ಡು ಕೊಡೋನು ನಾನು, ನಿಮಗ್ಯಾಕ್ರೀ ಅದೆಲ್ಲ?" ಅಂದವರೂ ಇದ್ದರು. ರೇಗಿದವರು ಮತ್ತೆ ಬರುವಾಗ ನನ್ನನ್ನೇ ಹುಡುಕಿಕೊಂಡು ಬರುತ್ತಿದ್ದರು, ಅದನ್ನೂ ಹೇಳಿಬಿಡುತ್ತೇನೆ.

ರೀಲಿನ ಕಾಲದಲ್ಲಿ ಕಷ್ಟವೇ ಬೇರೆ ಇತ್ತು. ಹೊಸದಾಗಿ ಮದುವೆಯಾದ ಜೋಡಿಯೊಂದು ಊಟಿಗೆ ಹೋಗಿ ಬಂದು, ಕುಣಿಯುತ್ತಾ ರೀಲು ತೊಳೆಯಲು ಕೊಟ್ಟಿತು. ತೊಳೆದು ನೋಡಿದರೆ ಒಂದು ಚಿತ್ರವೂ ಇಲ್ಲ. ರೀಲಿನ ತುದಿ ಒಳಗಿನ ಚಕ್ರದ ಹಲ್ಲಿಗೆ ಸಿಕ್ಕಿಕೊಂಡೇ ಇರಲಿಲ್ಲ, ಪಾಪ, ಇಡೀ ಪ್ರವಾಸ ಖಾಲಿ ಕ್ಯಾಮೆರಾ ಒತ್ತಿದ್ದರು. ಆ ಹುಡುಗಿ ನಮ್ಮ ಬೆಂಚಿನ ಮೇಲೆ ಕೂತು ಅತ್ತಳು. ಅವತ್ತಿನಿಂದ ರೀಲು ಕೊಂಡ ಪ್ರತಿಯೊಬ್ಬರಿಗೂ, ಮುಚ್ಚಳ ಹಾಕಿ ರೀಲು ಮುಂದೆ ಸರಿಸುವ ಸನ್ನೆ ಎಳೆದಾಗ ಎಡಗಡೆಯ ತಿರುಪು ತಿರುಗುತ್ತದೋ ಇಲ್ಲವೋ ನೋಡುವುದನ್ನು ನನ್ನ ಎದುರಿಗೇ ಮಾಡಿಸುತ್ತಿದ್ದೆ. ದೊಡ್ಡ ಡಾಕ್ಟರಾದರೂ ಸರಿ, ಮಾಡಿ ತೋರಿಸಿಯೇ ಹೋಗಬೇಕು.

ಡಿಜಿಟಲ್ ಬಂದ ಮೇಲೆ ಜನ "ಎಷ್ಟು ಎಕ್ಸು?" ಎಂದು ಕೇಳಿಕೊಂಡೇ ಒಳಗೆ ಬರಲು ಶುರುಮಾಡಿದರು. ಎಕ್ಸು ಅಂದರೆ ದೂರದ್ದನ್ನು ಎಷ್ಟು ಹತ್ತಿರ ಎಳೆಯುತ್ತದೆ ಎನ್ನುವ ಲೆಕ್ಕ. ಒಂದು ಕಡೆ ಸೂಪರ್‌ಜೂಮ್, ಅಂಗೈಗಿಂತ ಸ್ವಲ್ಪ ದೊಡ್ಡದು, ಹಗುರ, ಲೆನ್ಸು ಅದರಲ್ಲೇ ಕೂತಿರುತ್ತದೆ, ಬಿಚ್ಚುವಂತಿಲ್ಲ. ಇನ್ನೊಂದು ಕಡೆ ಡಿಎಸ್‌ಎಲ್‌ಆರ್, ದಪ್ಪ, ಭಾರ, ಲೆನ್ಸು ಬದಲಿಸಬಹುದು. ನಂಜಪ್ಪನವರಿಗೆ ಸೂಪರ್‌ಜೂಮ್ ಅಂದರೆ ಪ್ರಾಣ. ಗಿರಾಕಿಯನ್ನು ಮಹಡಿಯ ಮೇಲೆ ಹತ್ತಿಸಿ, ಚಾಮುಂಡಿ ಬೆಟ್ಟದ ಕಡೆ ತಿರುಗಿಸಿ, "ನೋಡಿ, ಇಲ್ಲಿಂದಲೇ ಅಮ್ಮನ ಗೋಪುರ!" ಅನ್ನುತ್ತಿದ್ದರು. ಗಿರಾಕಿ ಅಲ್ಲೇ ಕೈ ಮುಗಿಯುತ್ತಿದ್ದ, ಕೆಳಗಿಳಿದು ಬಿಲ್ ಹಾಕಿಸುತ್ತಿದ್ದ. ಡಿಎಸ್‌ಎಲ್‌ಆರ್ ನೋಡಿದವರು ಮಾತ್ರ, "ಇಷ್ಟು ದಪ್ಪ ಇದ್ಕೊಂಡು ಮೂರೇ ಎಕ್ಸಾ?" ಎಂದು ಮೂಗು ಮುರಿಯುತ್ತಿದ್ದರು. ಒಬ್ಬರಂತೂ ಕೊಂಡ ಮರುದಿನವೇ ಹಿಂದಕ್ಕೆ ತಂದು, "ಪರದೇಲಿ ಏನೂ ಕಾಣ್ತಾ ಇಲ್ಲ, ಸತ್ತೋಗಿದೆ ಕಣ್ರೀ ಇದು" ಎಂದು ಜಗಳಕ್ಕೆ ನಿಂತರು. ಆಗಿನ ಡಿಎಸ್‌ಎಲ್‌ಆರ್‌ಗಳಲ್ಲಿ ಫೋಟೋ ತೆಗೆದ ಮೇಲಷ್ಟೇ ಚಿತ್ರ ಪರದೆಗೆ ಬರುತ್ತಿತ್ತು, ತೆಗೆಯುವಾಗ ಕಿಂಡಿಯಲ್ಲಿ ಕಣ್ಣಿಟ್ಟೇ ನೋಡಬೇಕಿತ್ತು. ಅವರ ತಲೆಯನ್ನು ಹಿಡಿದು ಕಿಂಡಿಗೆ ಒತ್ತಿ ತೋರಿಸಿದೆ. ಆಮೇಲೆ ಅದನ್ನೇ ಹೆಗಲಿಗೆ ಹಾಕಿಕೊಂಡು ಹೋದರು.

ನಾನು ಡಿಎಸ್‌ಎಲ್‌ಆರ್ ಪಕ್ಷದವಳು ಅಂದುಕೊಳ್ಳಬೇಡಿ. ಶ್ರೀರಾಂಪುರದ ಒಬ್ಬ ನಿವೃತ್ತ ಮೇಷ್ಟ್ರು ಲಿಂಗಾಂಬುಧಿ ಕೆರೆಯ ಹತ್ತಿರ ವಾಕಿಂಗ್ ಹೋಗುವವರು, ಪಕ್ಕದ ಮನೆಯವರ ಹತ್ತಿರ ಇದೆ ಎಂದು ಅದೇ ದೊಡ್ಡ ಕ್ಯಾಮೆರಾ ಬೇಕು ಎಂದು ಹಟ ಹಿಡಿದರು. ಮೇಲಿನ ಕಪಾಟಿನ ಡಬ್ಬಿ ತೋರಿಸಲು ಕೈ ಎತ್ತಿದವರು ಅರ್ಧಕ್ಕೇ ಮುಖ ಕಿವುಚಿದರು. ಭುಜ ನೋವು. ದೂರದ ಹಕ್ಕಿ ತೆಗೆಯುವ ಲೆನ್ಸನ್ನು ಆ ಭುಜ ಒಂದು ವಾರವೂ ಹೊರುತ್ತಿರಲಿಲ್ಲ. ಸೂಪರ್‌ಜೂಮ್ ಕೊಟ್ಟು ಕಳಿಸಿದೆ, ಮುನಿಸಿಕೊಂಡೇ ಹೋದರು. ಕೆಲವು ತಿಂಗಳಾದ ಮೇಲೆ ಮಿಂಚುಳ್ಳಿಯ ಫೋಟೋ ತಂದು, ಅದರ ಕಣ್ಣಿನೊಳಗೆ ಕೆರೆ ಕಾಣುತ್ತದೆ ನೋಡಿ ಮೇಡಂ ಎಂದು ಭೂತಗನ್ನಡಿ ಇಟ್ಟು ತೋರಿಸಿದರು. ಆ ಫೋಟೋ ನಮ್ಮ ಅಂಗಡಿಯ ಗೋಡೆಯ ಮೇಲೆ ಬಹಳ ಕಾಲ ಇತ್ತು.

ಮದುವೆ ಫೋಟೋ ತೆಗೆಯುವವರ ವಿಷಯ ಬೇರೆ. ಅವರಿಗೆ ನಾನು ಒಂದು ಪರೀಕ್ಷೆ ಇಟ್ಟಿದ್ದೆ. ಅಂಗಡಿ ತೆರೆದ ತಕ್ಷಣ ನಂಜಪ್ಪನವರು ಗಲ್ಲಾಪೆಟ್ಟಿಗೆಗೆ ಪೂಜೆ ಮಾಡುತ್ತಿದ್ದರು, ಅದಕ್ಕಾಗಿ ಕೌಂಟರಿನ ಮೂಲೆಯಲ್ಲಿ ಹಿತ್ತಾಳೆ ಬಟ್ಟಲ ತುಂಬ ಅಕ್ಷತೆ ಯಾವಾಗಲೂ ಇರುತ್ತಿತ್ತು. ಒಂದು ದಿನ ಮದುವೆ ಫೋಟೋಗ್ರಾಫರ್ ಒಬ್ಬ ಎರಡೂ ಕ್ಯಾಮೆರಾ ಮುಂದಿಟ್ಟುಕೊಂಡು, "ಎರಡರಲ್ಲೂ ಒಂದೇ ಥರ ಬರ್ತದಲ್ಲ ಮೇಡಂ, ಭಾರದ್ದು ಯಾಕೆ ಹೊರಬೇಕು?" ಅಂದ. ಬಾಯಲ್ಲಿ ವಿವರಿಸಿ ವಿವರಿಸಿ ಸಾಕಾಗಿ ಹೋಯಿತು. ಬಟ್ಟಲಿಗೆ ಕೈ ಹಾಕಿ, "ತೆಗೀರಿ ನೋಡೋಣ" ಎಂದು ಅಕ್ಷತೆ ಎರಚಿದೆ. ಸೂಪರ್‌ಜೂಮ್ ಗುಂಡಿ ಒತ್ತಿದ ಮೇಲೆ ದೃಷ್ಟಿ ಹೊಂದಿಸಿಕೊಂಡು, ಬೆಳಕು ಅಳೆದುಕೊಂಡು, ಆಮೇಲೆ ನಿಧಾನವಾಗಿ ಕ್ಲಿಕ್ ಅಂದಿತು. ಫೋಟೋದಲ್ಲಿ ಅಕ್ಕಿ ನೆಲದ ಮೇಲಿತ್ತು. ಡಿಎಸ್‌ಎಲ್‌ಆರ್ ಕೈಗೆ ಕೊಟ್ಟು ಮತ್ತೆ ಎರಚಿದೆ. ಒಂದೊಂದು ಕಾಳೂ ಗಾಳಿಯಲ್ಲಿ ನಿಂತಿತ್ತು. ಅವನು ದೊಡ್ಡದನ್ನು ಕಟ್ಟಿಸಿಕೊಂಡು ಹೋದ.

ಆಮೇಲೆ ಅದು ಊರಲ್ಲೆಲ್ಲ "ಸರೋಜಮ್ಮನ ಅಕ್ಷತೆ ಟೆಸ್ಟು" ಎಂದೇ ಹೆಸರಾಯಿತು. ನೆಲ ಗುಡಿಸುವವಳೂ ನಾನೇ, ಗುಡಿಸಿದ ಅಕ್ಕಿಗೆ ಗುಬ್ಬಿಗಳು ಹೊಸಲಿಗೆ ಬಂದು ಕೂರುತ್ತಿದ್ದವು. "ದೇವರ ಅಕ್ಷತೆನ ಗುಬ್ಬಿಗೆ ಹಾಕ್ತೀರಲ್ಲಮ್ಮ" ಎಂದು ನಂಜಪ್ಪನವರು ಗೊಣಗುತ್ತಲೇ ಬಟ್ಟಲನ್ನು ಮತ್ತೆ ತುಂಬಿಸಿ ಇಡುತ್ತಿದ್ದರು.

ಆ ಪರೀಕ್ಷೆಯನ್ನು ಒಬ್ಬಳು ಮಾತ್ರ ಸೋಲಿಸಿದಳು. ನಾನು ಹೇಳಬೇಕಾದದ್ದು ಅವಳ ಕಥೆ.

ಅವಳ ಹೆಸರು ಮಂಗಳಾ. ಗಂಡನ ಅಣ್ಣ ಮಾದೇವಪ್ಪನವರ ಜೊತೆ ಬಂದಿದ್ದಳು. ಅವರು ಬೆಂಚಿನ ಮೇಲೆ ಕೂತರು, ಇವಳು ಅವರ ಹಿಂದೆ ನಿಂತಳು. ನಾನು ಕೈ ನೋಡಿದೆ. ಬೆರಳುಗಳ ಬುಡದಲ್ಲಿ ಅಂಗೈ ಜಡ್ಡುಗಟ್ಟಿತ್ತು. ಪಾತ್ರೆ ತಿಕ್ಕಿ ಬಟ್ಟೆ ಒಗೆದ ಕೈ ಹಾಗಿರುವುದಿಲ್ಲ.

ಮಾದೇವಪ್ಪನವರೇ ಮಾತು ಶುರುಮಾಡಿದರು. "ನಮ್ಮ ತಮ್ಮ ರುದ್ರೇಶ, ಒಂಟಿಕೊಪ್ಪಲಲ್ಲಿ ಸ್ಟುಡಿಯೋ ಇಟ್ಟವ್ನೆ. ಲಕ್ವ ಹೊಡೀತು ಕಣ್ರೀ. ಬಲಗೈ ಬಿದ್ದೋಯ್ತು, ಮಾತೂ ತೊದಲ್ತದೆ. ಒಪ್ಪಿಕೊಂಡಿರೋ ಮದುವೆ ಒಂದದೆ, ಅದನ್ನ ನಾನೇ ತೆಗೀತೀನಿ ಅಂತಾಳೆ ಇವಳು."

"ಮುಂಚೆ ತೆಗೆದು ಗೊತ್ತಾ?" ಎಂದು ನಾನು ಅವಳನ್ನೇ ಕೇಳಿದೆ.

"ಅವ್ರು ತೆಗೆಯೋವಾಗ ನಾನು ಪಕ್ಕದಲ್ಲಿ ಫ್ಲಾಶ್ ಹಿಡೀತಿದ್ದೆ ಮೇಡಂ. ಮದುವೆ ಆದಾಗಿಂದ" ಅಂದಳು. ಕೋಲಿಗೆ ಕಟ್ಟಿದ ಎರಡನೇ ಫ್ಲಾಶನ್ನು ಎತ್ತಿ ಹಿಡಿದು ಹಿಡಿದು ಆದ ಜಡ್ಡು ಅದು.

"ನೋಡಿ ಮೇಡಂ, ಸ್ಟುಡಿಯೋ ಇರೋ ಜಾಗ ನಂದು" ಎಂದು ಮಾದೇವಪ್ಪನವರು ಮುಂದುವರಿಸಿದರು. ಕೆಟ್ಟ ಮನುಷ್ಯರಲ್ಲ, ತಮ್ಮನ ಆಸ್ಪತ್ರೆ ಖರ್ಚನ್ನೆಲ್ಲ ನೋಡಿಕೊಂಡವರು. "ಈ ಮದುವೆ ಸರಿಯಾಗಿ ಬಂತಾ, ಸ್ಟುಡಿಯೋ ಇವಳೇ ನಡೆಸ್ಕೊಳ್ಲಿ. ಗಿರಾಕಿ ತಕರಾರು ಎತ್ತಿದ್ರಾ, ರೀಚಾರ್ಜ್ ಅಂಗಡಿಯವನು ಕಾಯ್ತಾವ್ನೆ, ಬೀಗದ ಕೈ ಅವನಿಗೆ ಕೊಟ್ಬುಡ್ತೀನಿ. ಇವಳ ಕೈಗೆ ಭಾರ ಆಗದೇ ಇರೋ ಅಂಥದ್ದು ಕೊಡಿ. ಅದೇ, ಜಾಸ್ತಿ ಎಕ್ಸಿರೋದು."

ನಂಜಪ್ಪನವರು ಆಗಲೇ ಸೂಪರ್‌ಜೂಮ್ ಡಬ್ಬಿ ತೆಗೆದು ಕೌಂಟರಿನ ಮೇಲೆ ಇಟ್ಟಾಗಿತ್ತು. ಮಂಗಳನ ಕಣ್ಣು ಮಾತ್ರ ಗಾಜಿನ ಕಪಾಟಿನಲ್ಲಿದ್ದ ಡಿಎಸ್‌ಎಲ್‌ಆರ್ ಕಡೆಗಿತ್ತು. ಅದನ್ನು ನಾನು ನೋಡಿದೆ.

"ಇರಿ ಸ್ವಲ್ಪ" ಎಂದು ಸೂಪರ್‌ಜೂಮನ್ನು ಅವಳ ಕೈಗೆ ಕೊಟ್ಟೆ. "ನಾನು ಅಕ್ಷತೆ ಎರಚ್ತೀನಿ, ಗಾಳೀಲಿರೋವಾಗ ಹಿಡೀರಿ." ಬಟ್ಟಲಿಗೆ ಕೈ ಹಾಕಿ ಎರಚಿದೆ. ಚಿತ್ರ ತೆಗೆದು ನೋಡಿದರೆ, ಅಯ್ಯೋ ರಾಮ, ಅಕ್ಕಿ ಗಾಳಿಯಲ್ಲೇ ಇದೆ! ಏನೋ ಅದೃಷ್ಟ ಎಂದು ಮತ್ತೆ ಎರಚಿದೆ. ಮತ್ತೆ ಗಾಳಿಯಲ್ಲೇ ಇದೆ.

ಮಾದೇವಪ್ಪನವರು ತೊಡೆ ತಟ್ಟಿಕೊಂಡರು. "ನೋಡುದ್ರಾ? ನಾನು ಹೇಳಿದ್ದು ಇದನ್ನೇ!" ನಂಜಪ್ಪನವರು ಬಿಲ್ ಪುಸ್ತಕಕ್ಕೆ ಕೈ ಹಾಕಿದರು. ಸಾವಿರ ಸಲ ಗೆದ್ದ ಪರೀಕ್ಷೆ ನನ್ನ ಕೌಂಟರಿನ ಮೇಲೇ ಸೋತಿತ್ತು, ನನಗೆ ಮೈಯೆಲ್ಲ ಉರಿದುಹೋಯಿತು. ಆದರೆ ನಿಧಾನದ ಕ್ಯಾಮೆರಾ ಇದ್ದಕ್ಕಿದ್ದಂತೆ ಬೇಗ ಆಗುವುದಿಲ್ಲ. ಅವಳು ಮುಂಚೆಯೇ ಒತ್ತಿರಬೇಕು.

"ಯಾವಾಗ ಒತ್ತಿದ್ರಿ?" ಎಂದು ಕೇಳಿದೆ.

ಅವಳು ಸಂಕೋಚದಿಂದ ನಕ್ಕಳು. "ಎರಚೋಕೆ ಮುಂಚೆ ನೀವು ಬಳೆ ಹಿಂದಕ್ಕೆ ತಳ್ತೀರಿ ಮೇಡಂ. ಆವಾಗಲೇ ಒತ್ತಿಬುಟ್ಟೆ."

ನಾನು ನನ್ನ ಕೈಯನ್ನೇ ನೋಡಿಕೊಂಡೆ. ಅಷ್ಟು ವರ್ಷ ಎಲ್ಲರ ಕೈ ನೋಡಿದವಳು ನಾನು, ನನ್ನ ಕೈಯನ್ನು ನೋಡಿದ್ದು ಅವಳು. ತಾಳಿ ಕಟ್ಟುವಾಗಲೂ ಹಾಗೆಯೇ ಅಂತೆ. ಪುರೋಹಿತರು "ಗಟ್ಟಿಮೇಳ" ಎಂದು ಕೂಗುವ ಮುಂಚೆ ಓಲಗದವರ ಕಡೆ ತಿರುಗಿ ಬೆರಳು ಎತ್ತುತ್ತಾರೆ, ಆ ಬೆರಳು ಕಂಡ ಕೂಡಲೇ ಫ್ಲಾಶ್ ಎತ್ತಬೇಕು ಎಂದು ರುದ್ರೇಶ ಹೇಳಿಕೊಟ್ಟಿದ್ದನಂತೆ.

ಇವಳು ಸಾಮಾನ್ಯದವಳಲ್ಲ ಎಂದು ನನಗೆ ಆಗಲೇ ಗೊತ್ತಾಯಿತು. ಅದಕ್ಕೇ ಅವಳಿಗೆ ಆ ಸಣ್ಣದನ್ನು ಕೊಡಲು ನನಗೆ ಇನ್ನಷ್ಟು ಮನಸ್ಸಾಗಲಿಲ್ಲ. ಬಟ್ಟಲನ್ನು ಮೆಲ್ಲಗೆ ನಂಜಪ್ಪನವರ ಕಡೆ ಸರಿಸಿ ಕಣ್ಸನ್ನೆ ಮಾಡಿದೆ. ಅವರು ಮಂಗಳನ ಹಿಂದೆ ಹೋಗಿ ನಿಂತರು. ನಾನು ಬ್ಯಾಟರಿ, ಚಾರ್ಜರ್ ಎಂದು ಏನೇನೋ ಮಾತಾಡುತ್ತಿರುವಾಗ ಅವಳ ತಲೆಯ ಮೇಲಿಂದ ಅಕ್ಷತೆ ಎರಚಿದರು. "ಹಿಡಿ!" ಎಂದು ಕೂಗಿದೆ. ಅವಳು ಬೆಚ್ಚಿ ಒತ್ತಿದಳು. ಅಕ್ಕಿಯೆಲ್ಲ ಕೌಂಟರಿನ ಮೇಲೆ ಬಿದ್ದ ಮೇಲೆ ಕ್ಲಿಕ್ ಅಂದಿತು. ಡಿಎಸ್‌ಎಲ್‌ಆರ್ ಕೊಟ್ಟು, ಇನ್ನೊಂದಷ್ಟು ಮಾತಾಡಿಸಿ, ಮತ್ತೆ ಹಾಗೆಯೇ ಮಾಡಿಸಿದೆ. ಈ ಸಲ ಅರ್ಧ ಅಕ್ಕಿ ಗಾಳಿಯಲ್ಲಿತ್ತು.

"ನೋಡಮ್ಮ ಮಂಗಳಾ, ತಾಳಿ ಕಟ್ಟೋದಕ್ಕೆ ಪುರೋಹಿತರು ಬೆರಳು ಎತ್ತುತ್ತಾರೆ. ಅದು ನಿನಗೆ ಯಾವ ಕ್ಯಾಮೆರಾದಲ್ಲೂ ಸಿಗುತ್ತೆ. ಮದುವೆ ಮನೇಲಿ ಅಳೋರು ಹೇಳಿ ಅಳ್ತಾರಾ? ನಗೋರು ಹೇಳಿ ನಗ್ತಾರಾ?" ಅಂದೆ. ನೀವು ಹೋಗಿ ನೀನು ಆದದ್ದು ನನಗೇ ಗೊತ್ತಾಗಲಿಲ್ಲ.

"ಇಲ್ಲ" ಅಂದಳು. ಆಮೇಲೆ ಮಾದೇವಪ್ಪನವರ ಕಡೆ ತಿರುಗಿ, "ಭಾವ, ನಂಗೆ ಅದೇ ಬೇಕು" ಅಂದಳು. ಅವಳು ಅಂಗಡಿಗೆ ಬಂದ ಮೇಲೆ ತಾನಾಗಿಯೇ ಆಡಿದ ಮೊದಲ ಮಾತು ಅದು.

ಮಾದೇವಪ್ಪನವರು ತಲೆ ಕೆರೆದುಕೊಂಡರು. ರುದ್ರೇಶನ ರೀಲಿನ ಕ್ಯಾಮೆರಾದ ಲೆನ್ಸುಗಳು ಇದೇ ಕಂಪನಿಯವು, ಇದಕ್ಕೆ ಕೂರುತ್ತವೆ, ಮನೆಯಲ್ಲಿರುವ ಫ್ಲಾಶೂ ಕೂರುತ್ತದೆ, ಸಣ್ಣದರ ಮೇಲೆ ಫ್ಲಾಶ್ ಕೂರಿಸುವ ಜಾಗವೇ ಇಲ್ಲ ಎಂದು ತೋರಿಸಿದೆ. "ಆಯ್ತು ಕಣಮ್ಮ. ಕೆಟ್ರೆ ನೀವೇ ಹೊಣೆ" ಅಂದರು.

"ನಾನೇ ಹೊಣೆ. ಬೇಕಾದ್ರೆ ಛತ್ರಕ್ಕೇ ಬಂದು ನಿಲ್ತೀನಿ" ಅಂದುಬಿಟ್ಟೆ.

ಅವರು ಹೋದ ಮೇಲೆ ನಂಜಪ್ಪನವರು ನೆಲದ ಅಕ್ಕಿ ನೋಡುತ್ತಾ, "ಸರೋಜಮ್ಮ, ನಮ್ಮಪ್ಪ ಬೆಲ್ಲ ಮಾರಿದ್ರು, ಗಿರಾಕಿ ಮನೆಗೋಗಿ ಪಾಯಸ ಮಾಡಿಕೊಡ್ಲಿಲ್ಲ" ಅಂದರು. ನಾನು ಪೊರಕೆ ತೆಗೆದುಕೊಂಡೆ.

ಮದುವೆಗೆ ಮುಂಚೆ ಮಂಗಳಾ ಎರಡು ಸಲ ಅಂಗಡಿಗೆ ಬಂದಳು. ಮನೆಯಲ್ಲಿ ಅಭ್ಯಾಸ ಹೇಗೆ ನಡೆದಿದೆ ಎಂದು ಕೇಳಿದರೆ ನಗು ಬಂತು ಅವಳಿಗೆ. "ಅವ್ರು ಮಲಗಿದ ಕಡೆಯಿಂದಲೇ ಎಡಗೈಲಿ ಅಕ್ಕಿ ಎರಚ್ತಾರೆ ಮೇಡಂ. ಹೇಳೋದೇ ಇಲ್ಲ. ನಾನು ಕಾಫಿ ತಗೊಂಡೋದ್ರೂ ಎರಚ್ತಾರೆ. ಕ್ಯಾಮೆರಾ ಕುತ್ತಿಗೇಲಿ ಹಾಕ್ಕೊಂಡೇ ಅಡುಗೆ ಮಾಡ್ತಾ ಇದೀನಿ." ಲಕ್ವ ಹೊಡೆದ ಮೇಲೆ ರುದ್ರೇಶ ನಕ್ಕದ್ದು ಅಕ್ಕಿ ಎರಚಲು ಶುರುಮಾಡಿದ ಮೇಲೆಯೇ ಅಂತೆ.

ಆಡಿದ ಮಾತಿಗೆ ಕಟ್ಟುಬಿದ್ದು ನಾನು ಭಾನುವಾರ ಬೆಳಗ್ಗೆ ಛತ್ರಕ್ಕೆ ಹೋದೆ. ಮಂಗಳಾ ಸೆರಗು ಸೊಂಟಕ್ಕೆ ಬಿಗಿದು ನಿಂತಿದ್ದಳು. ಫ್ಲಾಶ್ ಹಿಡಿಯಲು ಒಪ್ಪಿಕೊಂಡಿದ್ದವನು ಬಂದಿರಲಿಲ್ಲ. ಅವಳು ನನ್ನ ಮುಖ ನೋಡಿದಳು, ನಾನು ಕೋಲು ನೋಡಿದೆ.

"ಕೊಡು ಇಲ್ಲಿ" ಅಂದೆ. ರೇಷ್ಮೆ ಸೀರೆ ಉಟ್ಟು ಊಟಕ್ಕೆ ಹೋದ ಹಾಗೆ ಹೋಗಿದ್ದವಳು, ಫ್ಲಾಶ್ ಕೋಲು ಹಿಡಿದು ನಿಂತೆ. ಸ್ವಲ್ಪ ಹೊತ್ತಿಗೇ ಭುಜ ಬಿದ್ದುಹೋದ ಹಾಗಾಯಿತು. ಆ ಜಡ್ಡು ಯಾಕೆ ಬಂತೆಂದು ನನ್ನ ಅಂಗೈಗೇ ಗೊತ್ತಾಯಿತು. ಮಾದೇವಪ್ಪನವರು ಮೂರನೇ ಸಾಲಿನಲ್ಲಿ ಕೈ ಕಟ್ಟಿಕೊಂಡು ಕೂತು ನಮ್ಮಿಬ್ಬರನ್ನೇ ನೋಡುತ್ತಿದ್ದರು.

ಹುಡುಗಿಯ ತಂದೆ ಬಹಳ ಬಿಗಿಯಾದ ಮನುಷ್ಯ. ಬೆಳಗಿನಿಂದ ಕುರ್ಚಿ ಸರಿಯಿಲ್ಲ, ಓಲಗದವರು ತಡ ಎಂದು ಎಲ್ಲರನ್ನೂ ಗದರಿಸುತ್ತಾ ಓಡಾಡುತ್ತಿದ್ದರು. ಫೋಟೋಗೆ ನಿಲ್ಲಿ ಅಂದರೆ, "ಹೆಂಗಸರಿಗೆ ಯಾರು ಒಪ್ಪಿಸಿದ್ದು ಇದನ್ನ?" ಎಂದು ಮಂಗಳನ ಎದುರಿಗೇ ಕೇಳಿದರು. ಅವಳು ಕ್ಯಾಮೆರಾ ಕೆಳಗಿಳಿಸಿದಳು. "ಕಿಂಡೀಲಿ ಕಣ್ಣಿಡು, ಆಚೆಯದ್ದು ಕೇಳಿಸೋದಿಲ್ಲ" ಎಂದು ನಾನು ಕಿವಿಯಲ್ಲಿ ಹೇಳಿದೆ.

ಮುಹೂರ್ತ ಬಂತು. ನೆಂಟರೆಲ್ಲ ಅಕ್ಷತೆ ಹಿಡಿದು ಮಂಟಪಕ್ಕೆ ನುಗ್ಗಿದರು, ದಪ್ಪ ಮನುಷ್ಯರೊಬ್ಬರು ನೇರವಾಗಿ ಕ್ಯಾಮೆರಾಕ್ಕೆ ಅಡ್ಡ ನಿಂತರು. ಮಂಗಳಾ ಕುರ್ಚಿ ಎಳೆದು ಹತ್ತಿದಳು. ಪುರೋಹಿತರ ಬೆರಳು ಎದ್ದಿತು, ನಾನು ಫ್ಲಾಶ್ ಎತ್ತಿದೆ, ಗಟ್ಟಿಮೇಳ ಮೊಳಗಿತು, ತಾಳಿ ಕಟ್ಟಿದ್ದು ಸಿಕ್ಕಿತು. ಅಬ್ಬಾ ಎಂದು ಕೋಲು ಇಳಿಸಿದೆನೋ ಇಲ್ಲವೋ, ಅವಳು ಕುರ್ಚಿಯ ಮೇಲೆಯೇ ಗಿರಕ್ಕನೆ ಇನ್ನೊಂದು ಕಡೆ ತಿರುಗಿದಳು.

"ಲೈಟ್ ಎತ್ತಿ ಮೇಡಂ!" ಎಂದು ಗದರಿದಳು. ನನ್ನನ್ನು! ಎತ್ತಿದೆ.

ಎಲ್ಲರ ಕಣ್ಣೂ ಗಂಡು ಹೆಣ್ಣಿನ ಮೇಲಿದ್ದಾಗ ಹುಡುಗಿಯ ತಂದೆ ಮಂಟಪದ ಬಾಳೆಕಂದಿನ ಪಕ್ಕದಲ್ಲಿ ಒಬ್ಬರೇ ನಿಂತಿದ್ದರು. ಎರಚಬೇಕಾದ ಅಕ್ಷತೆ ಇನ್ನೂ ಅವರ ಮುಷ್ಟಿಯಲ್ಲೇ ಇತ್ತು, ಆ ಮುಷ್ಟಿಯನ್ನು ಎದೆಗೆ ಒತ್ತಿ ಹಿಡಿದು ಅವರು ಮಗುವಿನ ಹಾಗೆ ಅಳುತ್ತಿದ್ದರು. ಕ್ಲಿಕ್ ಅಂದಿತು. ಮರುಕ್ಷಣ ಅವರು ಶಲ್ಯದಲ್ಲಿ ಮುಖ ಒರೆಸಿಕೊಂಡು, ಎಲೆ ಹಾಕಿಸಿದ್ರೇನ್ರೀ ಎಂದು ಅಡುಗೆಯವರನ್ನು ಗದರಿಸಲು ಹೊರಟುಹೋದರು. ಸಣ್ಣ ಕ್ಯಾಮೆರಾ ಆಗಿದ್ದರೆ ಬರೀ ಬಾಳೆಕಂದು ಸಿಗುತ್ತಿತ್ತು. ಇದನ್ನು ನಾನು ಬೆಟ್ಟದ ಅಮ್ಮನ ಎದುರು ನಿಂತು ಬೇಕಾದರೂ ಹೇಳುತ್ತೇನೆ.

ಆಲ್ಬಂ ನೋಡಲು ಆ ಮನೆಯವರೆಲ್ಲ ಸ್ಟುಡಿಯೋಗೆ ಬಂದ ದಿನ ಏನಾಯಿತೆಂದು ಮಂಗಳಾ ಓಡಿಬಂದು ನನಗೆ ಹೇಳಿದಳು. ಹಾಳೆ ತಿರುಗಿಸುತ್ತಾ ತಿರುಗಿಸುತ್ತಾ ಅವರ ತಂದೆಯ ಆ ಫೋಟೋ ಬಂತಂತೆ. ದೊಡ್ಡ ಮಗಳು, "ಅಪ್ಪ ಅತ್ರಾ? ನಮ್ಮಪ್ಪನಾ?" ಎಂದು ಕೇಳಿದಳಂತೆ. ಅವಳ ಮದುವೆಯಲ್ಲೂ ಅತ್ತಿದ್ದರೋ ಏ​ನೋ, ಆಗ ಯಾರೂ ನೋಡಿರಲಿಲ್ಲ. ಆ ಒಂದು ಫೋಟೋವನ್ನು ದೊಡ್ಡದು ಮಾಡಿಸಿ ಇಬ್ಬರು ಹೆಣ್ಣುಮಕ್ಕಳೂ ಒಂದೊಂದು ತೆಗೆದುಕೊಂಡು ಹೋದರಂತೆ.

"ಭಾವ ಏನಂದ್ರು?" ಎಂದು ಕೇಳಿದೆ.

"ರೀಚಾರ್ಜ್‌ನವನಿಗೆ ಫೋನ್ ಮಾಡಿ 'ಬೇರೆ ಕಡೆ ಜಾಗ ನೋಡ್ಕೊಳಪ್ಪ' ಅಂದ್ರು. ಆಮೇಲೆ ಜೇಬಿಂದ ಬೀಗದ ಕೈ ತೆಗೆದು ನನ್ನ ಮುಂದೆ ಇಟ್ಟು ಹೋದ್ರು."

ನಂಜಪ್ಪನವರು ಗಲ್ಲಾದ ಹಿಂದೆ ಎಲ್ಲ ಕೇಳಿಸಿಕೊಳ್ಳುತ್ತಿದ್ದರು. ಅವತ್ತು ನನಗೂ ಮಂಗಳನಿಗೂ ಹೋಟೆಲಿನಿಂದ ಮಸಾಲೆ ದೋಸೆ ತರಿಸಿದರು. ಆ ಮನುಷ್ಯ ತಾನು ಸೋತೆ ಎಂದು ಹೇಳುವ ರೀತಿ ಅದು.

ಇಲ್ಲಿಗೇ ನಿಲ್ಲಿಸಿದರೆ ದೊಡ್ಡ ಕ್ಯಾಮೆರಾ ಗೆದ್ದಿತು ಎಂದಾಗುತ್ತದೆ. ಒಂದೆರಡು ವರ್ಷ ಆದ ಮೇಲೆ ಮಂಗಳಾ ರುದ್ರೇಶನನ್ನು ಆಟೋದಲ್ಲಿ ಕರೆದುಕೊಂಡು ಬಂದಳು. ಕೋಲೂರಿ ನಡೆಯುವಷ್ಟು ಸುಧಾರಿಸಿದ್ದ. ಬಲಗೈ ಮಾತ್ರ ಹಾಗೆಯೇ ಜೋತಾಡುತ್ತಿತ್ತು. ಬೆಂಚಿನ ಮೇಲೆ ಕೂತು, ಹೆಂಡತಿಯ ಕುತ್ತಿಗೆಯಲ್ಲಿದ್ದ ಡಿಎಸ್‌ಎಲ್‌ಆರನ್ನು ಎಡಗೈಯಲ್ಲಿ ಇಸಿದುಕೊಂಡು ಕಣ್ಣಿಗೆ ಎತ್ತಲು ನೋಡಿದ. ಲೆನ್ಸಿನ ಭಾರಕ್ಕೆ ಮೂತಿ ಕೆಳಗೆ ಬಾಗಿತು. ಎತ್ತಿದರೂ ಗುಂಡಿ ಇರುವುದು ಬಲಗಡೆ. ಎರಡು ಸಲ ಪ್ರಯತ್ನ ಮಾಡಿ, ಕ್ಯಾಮೆರಾವನ್ನು ಮೆಲ್ಲಗೆ ತೊಡೆಯ ಮೇಲೆ ಇಟ್ಟುಕೊಂಡು ಬೀದಿಯ ಕಡೆ ನೋಡುತ್ತಾ ಕೂತ. ಮಂಗಳಾ ಕಪಾಟಿನ ಕಡೆ ಮುಖ ಮಾಡಿದಳು.

ಏನನ್ನು ತೆಗೀತೀರಿ ಎಂದು ನಾನು ಕೇಳಲಿಲ್ಲ. ಯಾರು ಹಿಡೀತಾರೆ ಎನ್ನುವುದು ಎದುರಿಗೇ ಇತ್ತಲ್ಲ. ಅವತ್ತು ಮಂಗಳನಿಗೆ ಬೇಡ ಎಂದು ಪಕ್ಕಕ್ಕೆ ತಳ್ಳಿದ್ದ ಅದೇ ಸೂಪರ್‌ಜೂಮ್ ಮಾದರಿಯನ್ನು ಕಪಾಟಿನಿಂದ ತೆಗೆದೆ. ಅದನ್ನು ತಲೆಕೆಳಗು ಮಾಡಿ ಅವನ ಎಡಗೈಯಲ್ಲಿ ಇಟ್ಟೆ.

"ಏನ್ ಸರೋಜಮ್ಮ, ಉಲ್ಟಾ ಹಿಡಿದಿದೀರಲ್ಲ!" ಎಂದು ನಂಜಪ್ಪನವರು ಕೂಗಿದರು.

"ನೀವು ಸುಮ್ಮನಿರಿ ಸಾರ್" ಅಂದೆ. ತಲೆಕೆಳಗು ಮಾಡಿದರೆ ಬಲಗಡೆಯ ಗುಂಡಿ ಎಡಗಡೆಗೆ ಬರುತ್ತದೆ, ಹೆಬ್ಬೆರಳಿಗೆ ಸರಿಯಾಗಿ ಸಿಗುತ್ತದೆ. ಪರದೆಯಲ್ಲಿ ಮುಂದಿರುವುದು ನೆಟ್ಟಗೇ ಕಾಣುತ್ತದೆ. ತೆಗೆದ ಚಿತ್ರ ಉಲ್ಟಾ ಬರುತ್ತದೆ ನಿಜ, ಕಂಪ್ಯೂಟರಿನಲ್ಲಿ ತಿರುಗಿಸಿದರೆ ಆಯಿತು. ಹಗುರವಾದದ್ದು, ಒಂದು ಕೈ ಸಾಕು. ರುದ್ರೇಶ ಅದನ್ನು ಎತ್ತಿದ. ಮೂತಿ ಬಾಗಲಿಲ್ಲ. ಹೆಬ್ಬೆರಳು ಗುಂಡಿಯನ್ನು ತಡಕಾಡಿ ಹಿಡಿಯಿತು. ಬಾಗಿಲಲ್ಲಿ ಅಕ್ಕಿ ಹೆಕ್ಕುತ್ತಿದ್ದ ಗುಬ್ಬಿಯ ಕಡೆ ತಿರುಗಿಸಿ ಒತ್ತಿದ. ಕ್ಲಿಕ್ ಎಂಬ ಸದ್ದು ಬಂದಾಗ ಅವನ ಮುಖದಲ್ಲಿ ಕಂಡದ್ದನ್ನು ಬರೆಯಲು ನನಗೆ ಬರುವುದಿಲ್ಲ. ಮಂಗಳಾ ಅತ್ತಳು, ನಾನೂ ಅತ್ತೆ. ನಂಜಪ್ಪನವರು ಗುಬ್ಬಿಗೆ ಇನ್ನಷ್ಟು ಅಕ್ಷತೆ ಹಾಕಿದರು.

ನಾನು ನಿವೃತ್ತಳಾದ ದಿನ ನಂಜಪ್ಪನವರು ಅಂಗಡಿಯಲ್ಲೇ ಸಣ್ಣದೊಂದು ಸಮಾರಂಭ ಮಾಡಿದರು. ಹಳೆಯ ಗಿರಾಕಿಗಳು ಬಂದಿದ್ದರು, ಮಿಂಚುಳ್ಳಿಯ ಮೇಷ್ಟ್ರು ಬಂದಿದ್ದರು, ಮಾದೇವಪ್ಪನವರು ಹಣ್ಣಿನ ಬುಟ್ಟಿ ತಂದಿದ್ದರು. ಫೋಟೋಗೆ ಮಂಗಳಾ, ಅವಳ ಜೊತೆ ರುದ್ರೇಶ. ಅವನು ಮುಂದೆ ಬೆಂಚಿನ ಮೇಲೆ ಕೂತಿದ್ದ. ಶಾಲು ಹೊದಿಸಿದರು, ಹಾರ ಹಾಕಿದರು, ಮಂಗಳಾ ಎಲ್ಲವನ್ನೂ ತೆಗೆದಳು. ಇನ್ನೇನು ಮುಗಿಯಿತು ಎಂದು ನಾನು ಹಾರ ತೆಗೆಯುತ್ತಿದ್ದೆ, ಮಂಗಳಾ ಲೆನ್ಸಿಗೆ ಮುಚ್ಚಳ ಹಾಕುತ್ತಿದ್ದಳು. ಆಗ ನನ್ನ ತಲೆಯ ಮೇಲೆ ತಣ್ಣಗೆ ಏನೋ ಸುರಿಯಿತು. ನಂಜಪ್ಪನವರು ಗಲ್ಲಾದ ಬಟ್ಟಲನ್ನೇ ಎತ್ತಿ ತಂದು, ಎರಡೂ ಕೈಯಲ್ಲಿ ಅಕ್ಷತೆ ತುಂಬಿಕೊಂಡು ಎರಚಿಬಿಟ್ಟಿದ್ದರು.

"ಇಷ್ಟು ವರ್ಷ ನನ್ನ ಅಕ್ಷತೆನೆಲ್ಲ ಖಾಲಿ ಮಾಡಿದ್ದಕ್ಕೆ!" ಎಂದು ನಕ್ಕರು. ಅವರ ಕಣ್ಣು ತುಂಬಿತ್ತು.

"ಅಯ್ಯೋ, ಹೋಯ್ತು!" ಎಂದು ಮಂಗಳಾ ಕೈ ಕೈ ಹಿಸುಕಿಕೊಂಡಳು. ಅವಳ ಕ್ಯಾಮೆರಾದ ಮೇಲೆ ಮುಚ್ಚಳ ಇತ್ತು.

ಬೆಂಚಿನ ಕಡೆಯಿಂದ ರುದ್ರೇಶ ತನ್ನ ಸಣ್ಣ ಕ್ಯಾಮೆರಾವನ್ನು ನೆಟ್ಟಗೆ ತಿರುಗಿಸಿ ನನ್ನ ಕಡೆ ಚಾಚಿದ. ಅದರ ಪರದೆಯಲ್ಲಿ ನಾನು ತಲೆಕೆಳಗಾಗಿ ನಿಂತಿದ್ದೆ. ಬಾಯಿ ತೆರೆದು ಗಾಬರಿಯಾಗಿದ್ದೆ, ಹಾರ ಅರ್ಧ ಬಿಚ್ಚಿತ್ತು, ಅಕ್ಷತೆ ಒಂದೊಂದು ಕಾಳೂ ಗಾಳಿಯಲ್ಲಿತ್ತು.

"ಇದರಲ್ಲಿ ಹೆಂಗೆ ಹಿಡಿದೆ ಮಾರಾಯಾ? ಮುಂಚೆನೇ ಒತ್ತಬೇಕಲ್ಲ!" ಎಂದು ಕೇಳಿದೆ.

ಅವನು ಒಂದೊಂದೇ ಮಾತು ಜೋಡಿಸಿ ಹೇಳಿದ. "ಸಾಹುಕಾರ್ರು... ಎರಚೋಕೆ ಮುಂಚೆ... ಕನ್ನಡಕ... ಹಣೆಗೇರಿಸ್ತಾರೆ. ಗುಬ್ಬಿಗೆ... ಹಾಕೋವಾಗ್ಲೂ. ನೀವು... ನೋಡಿಲ್ವಾ?"

ನೋಡಿರಲಿಲ್ಲ. ಅಷ್ಟು ವರ್ಷ ಪಕ್ಕದಲ್ಲೇ ನಿಂತು ಕೆಲಸ ಮಾಡಿದರೂ ನೋಡಿರಲಿಲ್ಲ. ನಂಜಪ್ಪನವರ ಕನ್ನಡಕ ಆಗಲೂ ಹಣೆಯ ಮೇಲೇ ಇತ್ತು.

ಆ ಫೋಟೋವನ್ನು ಮಂಗಳಾ ನೆಟ್ಟಗೆ ತಿರುಗಿಸಿ, ಕಟ್ಟು ಹಾಕಿಸಿ ಕೊಟ್ಟಿದ್ದಾಳೆ. ನಮ್ಮ ಮನೆಯ ಹಜಾರದಲ್ಲಿ ತೂಗುಹಾಕಿದ್ದೇನೆ. ಬಂದವರು ನಿಂತು ನೋಡಿ, ಅಕ್ಕಿಕಾಳು ಹೀಗೆ ನಿಂತಿದೆಯಲ್ಲ, ಇದು ಯಾವ ಕ್ಯಾಮೆರಾದಲ್ಲಿ ತೆಗೆದದ್ದು, ಡಿಎಸ್‌ಎಲ್‌ಆರಾ ಎಂದು ಕೇಳುತ್ತಾರೆ.

"ನಾನು ಮಾರಿದ್ದರಲ್ಲಿ" ಅನ್ನುತ್ತೇನೆ.